ಪಿಸ್ತೂಲಿನ ತುದಿಗೊಂದು ಹೊಳೆವ ಚುಕ್ಕಿ

ರೇವಣಸಿದ್ಧನ ಗೋದಾಮಿನಲ್ಲಿ ಬೆಕ್ಕೊಂದು ಎಣ್ಣೆಯ ಖಾಲಿ ಡಬ್ಬಿ ಉರುಳಿಸಿತು. ಆದದ್ದು ಇಷ್ಟೇ. ಆದರೆ ಕರೆಂಟು ಹೋದ ಹೊತ್ತು ನೋಡಿ ಉರುಳಿಸಿತು. ರೇವಣಸಿದ್ಧ ಸಂದೂಕದಿಂದ ರಿವಾಲ್ವರ್ ತೆಗೆದು, ಎರಡೂ ಕೈ ಮುಂದೆ ಚಾಚಿ, ಗೋದಾಮಿನ ಬಾಗಿಲಲ್ಲಿ ಇಪ್ಪತ್ತು ನಿಮಿಷ ನಿಂತ. ಕತ್ತಲಲ್ಲಿ ಕಳ್ಳ ಕಾಣಲಿಲ್ಲ, ಅದು ಸರಿ. ಪಿಸ್ತೂಲಿನ ತುದಿಯೂ ಕಾಣಲಿಲ್ಲ. ಕರೆಂಟು ಬಂದಾಗ ನೋಡಿದರೆ ಅವನು ಗೋಡೆಯ ಮೇಲಿದ್ದ ಸ್ವರ್ಗವಾಸಿ ಅಪ್ಪನ ಫೋಟೋಕ್ಕೆ ಗುರಿ ಹಿಡಿದು ನಿಂತಿದ್ದ. ಬೆಕ್ಕು ತೊಗರಿ ಚೀಲದ ಮೇಲೆ ಕೂತು ಮೈ ನೆಕ್ಕಿಕೊಳ್ಳುತ್ತಿತ್ತು.

ಆ ಪಿಸ್ತೂಲಿನ ಕತೆಯೂ ಅಂಥದ್ದೇ. ಭೂಕಂಪದಲ್ಲಿ ಮರಾಠಿ ಸೀಮೆಯ ಗಡಿಯ ಹಳೆಯ ಕಂಟೆವಾಡಿ ಊರು ನೆಲಕ್ಕೆ ಕೂತಮೇಲೆ ಸರಕಾರ ಮುರುಮ ಊರಿನ ಹಾದಿಯಲ್ಲಿ ಹೊಸ ಕಂಟೆವಾಡಿ ಕಟ್ಟಿಸಿತು. ಮುನ್ನೂರು ಮನೆ, ಎಲ್ಲ ಒಂದೇ ಅಚ್ಚು. ಮೊದಲ ವರ್ಷ ಜನ ಹಾದಿ ತಪ್ಪಿ ಒಬ್ಬರ ಮನೆಗೆ ಒಬ್ಬರು ನುಗ್ಗುತ್ತಿದ್ದರು. ಹಾಗೆ ತಪ್ಪಿ ಬಂದವರನ್ನೆಲ್ಲ ಕಳ್ಳರೆಂದೇ ತಿಳಿದ ಕಿರಾಣಿ ವ್ಯಾಪಾರಿ ರೇವಣಸಿದ್ಧ ಓಡಾಡಿ ಲೈಸೆನ್ಸ್ ಮಾಡಿಸಿದ. ಆಮೇಲೆ ಇಪ್ಪತ್ತೊಂದು ವರ್ಷ ಆ ಪಿಸ್ತೂಲು ದಸರೆಗೊಮ್ಮೆ ಕುಂಕುಮ ಹಚ್ಚಿಸಿಕೊಂಡು ಮತ್ತೆ ಸಂದೂಕ ಸೇರುವುದರ ಹೊರತು ಬೇರೆ ಕೆಲಸ ಮಾಡಿರಲಿಲ್ಲ.

“ಗೋದಾಮಿನಾಗ ಒಂದು ಬಲ್ಬ್ ಹಾಕಸ್ರಿ. ಇನ್ವರ್ಟರ್ ಮ್ಯಾಲ ನಡೀತದ,” ಎಂದಳು ಹೆಂಡತಿ ಸುಗಂಧಾ ಮರುದಿನ ಬೆಳಿಗ್ಗೆ ಚಹಾ ಕೊಡುತ್ತ.

ಹೆಂಡತಿ ಹೇಳಿದ ಉಪಾಯ ಅಗ್ಗವಾಗಿತ್ತು, ಸರಿಯಾಗಿತ್ತು. ಆದ್ದರಿಂದ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಪಕ್ಕದ ಮನೆಯ ದತ್ತಾತ್ರಿ ಗುರುಜಿ ಅಷ್ಟರಲ್ಲಿ ಕುರ್ಚಿ ಎಳೆದುಕೊಂಡು ಕೂತಿದ್ದರು. ಮೂವತ್ತು ವರ್ಷ ಮರಾಠಿ ಶಾಲೆಯಲ್ಲಿ ಭೂಗೋಳ ಕಲಿಸಿ ನಿವೃತ್ತರಾದ ಗುರುಜಿಗೆ ಈಗ ಭೂಗೋಳವೊಂದನ್ನು ಬಿಟ್ಟು ಉಳಿದೆಲ್ಲ ಗೊತ್ತಿತ್ತು.

“ರೇವಣಪ್ಪಾ, ಪರದೇಶದಾಗ ಪೊಲೀಸರ ಪಿಸ್ತೂಲಿನ ತುದಿಗೆ ಹೊಳಿಯೋ ಚುಕ್ಕಿ ಇರ್ತದ. ಕತ್ತಲದಾಗ ಮಿಣುಕುಹುಳದಂಗ ಕಾಣತದ. ಅದನ್ನ ಹಾಕಸು.”

ಮಗಳು ವೈಷ್ಣವಿ ಉಮರ್ಗಾದ ಕಾಲೇಜಿನಲ್ಲಿ ಫಿಜಿಕ್ಸ್ ಕಲಿಸುತ್ತಿದ್ದಳು. ಪರೀಕ್ಷೆಯ ರಜೆಗೆ ಊರಿಗೆ ಬಂದಿದ್ದವಳು ಮೊಬೈಲ್ ತೆಗೆದು ನೋಡಿದಳು.

“ಇದರಾಗ ಮೂರು ನಮೂನಿ ಅವ ಅಪ್ಪಾ. ಒಂದು ಟ್ರಿಟಿಯಮ್. ಸಣ್ಣ ಗಾಜಿನ ನಳಿಗಿಯೊಳಗ ಗ್ಯಾಸ್ ತುಂಬಿರ್ತಾರ. ತಾನೇ ಹಸರ ಹೊಳೀತದ, ಹತ್ತು-ಹನ್ನೆರಡು ವರ್ಷ. ಆದ್ರ ಅದು ಅಣುವಿನ ಸಾಮಾನು. ತರಸಬೇಕಂದ್ರ ದಿಲ್ಲಿತನಕ ಪರವಾನಗಿ ಬೇಕು.”

“ಅಣು?” ಎಂದು ಸುಗಂಧಾ ಪಿಸ್ತೂಲಿನ ಹತ್ತಿರವಿದ್ದ ಬಿಸ್ಕತ್ತಿನ ತಟ್ಟೆಯನ್ನು ಈಚೆ ಸರಿಸಿದಳು.

“ಎರಡನೇದು ಫೈಬರ್. ಹೊರಗಿನ ಬೆಳಕು ಹಿಡದು ತುದಿಗೆ ತರತದ. ಹಗಲಹೊತ್ತು ಭಾರಿ ಛಂದ ಕಾಣತದ.”

“ಕತ್ತಲದಾಗ?”

“ಕತ್ತಲದಾಗ ಹಿಡೀಲಾಕ ಬೆಳಕು ಎಲ್ಲಿಂದ ಬರಬೇಕು? ಮೂರನೇದು ಹೊಳಿಯೋ ಬಣ್ಣ. ಅದಕ್ಕ ಮೊದಲು ಒಂದು ನಿಮಿಷ ಬ್ಯಾಟರಿ ಬೆಳಕು ಕುಡಸಬೇಕು. ಆಮ್ಯಾಲ ಸ್ವಲ್ಪ ಹೊತ್ತು ಹೊಳೀತದ.”

“ಅಲ್ಲಿತನಕ ಕಳ್ಳ ಏನು ಮಾಡಬೇಕು?”

“ಕೈಯಾಗ ಬ್ಯಾಟರಿ ಇದ್ರ ಕಳ್ಳನ ಮ್ಯಾಲೇ ಹಿಡಿ ಅಪ್ಪಾ. ಎದುರಿಗಿದ್ದಂವಾ ಯಾರಂತ ತಿಳೀದs ಗುರಿ ಹಿಡದು ಏನು ಮಾಡ್ತಿ?”

ಈ ಪ್ರಶ್ನೆ ಮನೆಯಲ್ಲಿ ಒಂದು ಕ್ಷಣ ನಿಂತಿತು. ಯಾರೂ ಕೂರೆಂದು ಹೇಳಲಿಲ್ಲವಾದ್ದರಿಂದ ಹೊರಟುಹೋಯಿತು. ಗುರುಜಿ ತೊಡೆ ತಟ್ಟಿಕೊಂಡರು. “ಅಣುನೂ ಬ್ಯಾಡ, ಗಿಣುನೂ ಬ್ಯಾಡ. ಲಾರಿ ಹಿಂದ ರೇಡಿಯಮ್ ಹಚ್ಚಿರ್ತಾರಲ್ಲ? ಒಂದು ಮೈಲಿಯಿಂದ ಕಾಣತದ. ತುರೋರಿಯಾಗ ಹಚ್ಚೋ ಅಂಗಡಿ ಅದ. ನಡಿ.”

ರೇವಣಸಿದ್ಧ ಪಿಸ್ತೂಲನ್ನು ಬಟ್ಟೆಯ ಚೀಲಕ್ಕೆ ಹಾಕಿ ಹೆಗಲಿಗೆ ಏರಿಸಿದ. ಗುರುಜಿಯನ್ನು ಹತ್ತಿಸಿಕೊಂಡು ಕಿರಾಣಿ ಅಂಗಡಿಯ ವ್ಯಾನು ಹೊರಟಿತು.

ತುರೋರಿಯಲ್ಲಿ ಹೆದ್ದಾರಿಯ ಮಗ್ಗುಲಿಗೆ ತಗಡಿನ ಪುಟ್ಟ ಅಂಗಡಿ. ಗೋಡೆಯ ತುಂಬ ಹಳದಿ, ಕೆಂಪು, ಹಸಿರು ಅಂಟುಹಾಳೆಗಳು. ಲಾರಿಗಳ ಬೆನ್ನಿಗೆ ‘ಆಯೀಚಾ ಆಶೀರ್ವಾದ’, ಅಂದರೆ ತಾಯಿಯ ಆಶೀರ್ವಾದ, ಎಂಬ ಅಕ್ಷರ ಕತ್ತರಿಸುತ್ತ ಕೂತಿದ್ದವನು ಸೂರ್ಯಕಾಂತ. ಎತ್ತರದ ಬಡಕಲು ಆಳು. ಎಡಹುಬ್ಬಿನ ಮೇಲೆ ಹಳೆಯ ಗಾಯದ ಗೆರೆ. ಸ್ಟೂಲು ತರಲು ಎದ್ದಾಗ ಬಲಗಾಲು ನೆಲಕ್ಕೆ ಎಳೆದುಕೊಂಡು ಬಂತು.

“ಯಾವೂರು ನಿಮ್ದು?” ಎಂದರು ಗುರುಜಿ.

“ವಲಾಂಡಿ ಕಡಿಯಂವರಿ. ಭೂಕಂಪದಾಗ ಸೋದರಮಾವನ ಮನಿಯಾಗ ಮಲಗಿದ್ದೆ. ಗ್ವಾಡಿ ಕಾಲಮ್ಯಾಲ ಬಿತ್ತು. ಹೊಲದ ಕೆಲಸ ಆಗಲಾರದ್ದಕ್ಕ ಈ ಕೆಲಸ ಕಲತೆ. ಹೇಳ್ರಿ, ಯಾವ ಗಾಡಿ?”

ರೇವಣಸಿದ್ಧ ಚೀಲದಿಂದ ‘ಗಾಡಿ’ಯನ್ನು ತೆಗೆದಾಗ ಸೂರ್ಯಕಾಂತ ಎರಡು ಹೆಜ್ಜೆ ಹಿಂದೆ ಸರಿದ. ಗುಂಡು ಇಲ್ಲವೆಂದು ಬಿಚ್ಚಿ ತೋರಿಸಿದ ಮೇಲೆ ಹತ್ತಿರ ಬಂದು, ವಿಷಯವನ್ನೆಲ್ಲ ಕೇಳಿಸಿಕೊಂಡು ನಕ್ಕ.

“ಶೇಟಜಿ, ರೇಡಿಯಮ್ ತಾನಾಗಿ ಹೊಳಿಯಂಗಿಲ್ಲರಿ. ಹಿಂದಿನ ಗಾಡಿ ಲೈಟ್ ಬಿಟ್ರ ಮುಂದಿನ ಗಾಡಿ ಹೊಳೀತದ. ನಿಮ್ಮ ಹಿಂದ ಲೈಟ್ ಹಿಡದು ಯಾರು ನಿಂದ್ರಬೇಕು?”

“ನಾ ನಿಂದರ್ತೀನಿ,” ಎಂದರು ಗುರುಜಿ, ಯಾವ ಕಳ್ಳನೂ ಎದುರಿಗಿಲ್ಲದ ಧೈರ್ಯದಲ್ಲಿ.

ಸೂರ್ಯಕಾಂತ ಬೇಡವೆನ್ನಲಾರದೆ ಅಕ್ಕಿಕಾಳಿನಷ್ಟು ಕೆಂಪು ತುಂಡು ಕತ್ತರಿಸಿದ. ಪಿಸ್ತೂಲಿನ ತುದಿಯ ಉಬ್ಬಿಗೆ ಚಿಮಟದಿಂದ ಕೂರಿಸಿ, ಉಗುರಿನಿಂದ ಒತ್ತಿ, ಬಾಯಿಂದ ಊದಿದ. ಮಗುವಿನ ಹಣೆಗೆ ಬೊಟ್ಟಿಟ್ಟಂತೆ ಕಾಣಿಸಿತು. ರೊಕ್ಕ ಕೊಡಹೋದರೆ ಮುಟ್ಟಲಿಲ್ಲ. “ಇಷ್ಟು ತುಂಡಿಗೆ ಏನ್ ತಗೊಳ್ಳಲಿ? ಚಹಾ ಕುಡದು ಹೋಗ್ರಿ,” ಎಂದು ಎದುರಿನ ಹೋಟೆಲ್ಲಿನಿಂದ ತಾನೇ ಮೂರು ಕಪ್ಪು ತಂದ. ಕುಂಟುತ್ತ ತಂದದ್ದರಿಂದ ಮೂರೂ ಕಪ್ಪು ಎರಡೂವರೆ ಆಗಿದ್ದವು.

ಪಕ್ಕಾ ಕೆಲಸಕ್ಕೆಂದು ಉದಗೀರದ ಹಾದಿ ಹಿಡಿದ ವ್ಯಾನು ಬಿಸಿಲಿಗೆ ಕಾದಂತೆ ಅಂಟು ಕರಗಿತು. ನಿಲಂಗಾ ದಾಟುವಷ್ಟರಲ್ಲಿ ಬೊಟ್ಟು ಜಾರಿ ಚೀಲಕ್ಕೆ ಅಂಟಿಕೊಂಡಿತ್ತು. “ಇದು ಆಗೋ ಕೆಲಸಲ್ಲ,” ಎಂದ ರೇವಣಸಿದ್ಧ. “ಆಗೋ ಕೆಲಸದವ್ರ ಕಡಿಗೇ ಹೊಂಟೀವಿ,” ಎಂದರು ಗುರುಜಿ. ಉದಗೀರದಲ್ಲಿ ಪಿಸ್ತೂಲು ರಿಪೇರಿ ಮಾಡುವ ಮುದುಕರೊಬ್ಬರಿದ್ದರು. ಲೈಸೆನ್ಸ್ ಇದ್ದವರೆಲ್ಲ ಅವರನ್ನು ಉಸ್ತಾದ ಅನ್ನುತ್ತಿದ್ದರು.

ಉಸ್ತಾದರು ಪಿಸ್ತೂಲನ್ನು ಬೆಳಕಿಗೆ ಹಿಡಿದು, ಗೋಂದಿನ ಕಲೆ ನೋಡಿ, ಮನೆಯ ಸೊಸೆಗೆ ಯಾರೋ ಹೊಡೆದಂತೆ ಮುಖ ಮಾಡಿದರು.

“ಇದು ಯಾರ ಶಾಣ್ಯಾತನ?”

ರೇವಣಸಿದ್ಧ ಗುರುಜಿಯನ್ನು ನೋಡಿದ. ಗುರುಜಿ ಗೋಡೆಯ ಕ್ಯಾಲೆಂಡರು ನೋಡಿದರು.

“ನೋಡ್ರಿ ಶೇಟಸಾಬ್. ತುದೀಗೆ ಗುರಿ ಹಿಡೀಲಾಕ ಇರೋ ಈ ಉಬ್ಬಿಗೆ ನಾವು ಮಖ್ಖಿ ಅಂತೀವಿ. ನೊಣ. ಪರದೇಶದ ಪಿಸ್ತೂಲಿನಾಗ ಮಖ್ಖಿ ಬಿಚ್ಚತದ, ಬ್ಯಾರೆ ಹಾಕಬಹುದು. ನಿಮ್ಮದರಾಗ ನಳಿಗಿ, ಮಖ್ಖಿ ಒಂದೇ ಲೋಹ. ಬಿಚ್ಚಲಾಕ ಬರಂಗಿಲ್ಲ. ತೂತು ಹೊಡದು ಏನರೆ ತುಂಬಬೇಕು. ಹಿತ್ತಾಳಿ ಮಣಿ ತುಂಬಲೇನು, ಬಿಳೇ ಚುಕ್ಕಿ ಇಡಲೇನು, ಹಳೇ ಗಡಿಯಾರದ ಮುಳ್ಳಿನ ಹೊಳಿಯೋ ಮಸಾಲಿ ಹಾಕಲೇನು? ಎಲ್ಲಾ ಆಗತದ. ಬಣ್ಣ ನೀವು ಹೇಳ್ರಿ.”

“ಹಸರ,” ಎಂದರು ಗುರುಜಿ.

“ಕೇಸರಿ,” ಎಂದ ರೇವಣಸಿದ್ಧ.

“ಆದ್ರ,” ಎಂದು ಉಸ್ತಾದರು ಪಿಸ್ತೂಲನ್ನು ಮರಳಿ ಚೀಲಕ್ಕಿಟ್ಟರು, “ಹತ್ಯಾರಕ್ಕ ತೂತು ಹೊಡಿಯೋದಿದ್ರ ನಿಮ್ಮ ಪೊಲೀಸರ ಚೀಟಿ ಬೇಕು. ಯಾಕ ಬೇಕು, ಯಾರಿಂದ ಧೋಕಾ ಅದ, ಅಂದ್ರ ಯಾರಿಂದ ಜೀವಕ್ಕ ಅಪಾಯ ಅದ, ಎಲ್ಲಾ ಬರಕೊಂಡು ಶಿಕ್ಕಾ ಹಾಕಿಸಿಕೊಂಡು ಬರ್ರಿ. ಇಲ್ಲಂದ್ರ ನಾ ಮುಟ್ಟಾಂವಲ್ಲ.” ಬಾಗಿಲತನಕ ಬಂದು, ದನಿ ತಗ್ಗಿಸಿ, ಮತ್ತೊಂದು ಮಾತು ಹೇಳಿದರು: “ಖರೆ ಹೇಳಬೇಕಂದ್ರ ಶೇಟಸಾಬ್, ಒಂದು ಬಲ್ಬ್ ಹಾಕಸ್ರಿ.”

ವಾಪಸು ಬರುವ ಹಾದಿಯುದ್ದಕ್ಕೂ ಬಣ್ಣದ ಜಗಳ ನಡೆಯಿತು. ಹಸಿರು ಕಣ್ಣಿಗೆ ತಂಪು ಎಂದರು ಗುರುಜಿ. ಹಸಿರು ಅಂದರೆ ತೊಗರಿಯಲ್ಲಿ ಹುಳ ಬಿದ್ದಾಗಿನ ಬಣ್ಣ ಎಂದ ರೇವಣಸಿದ್ಧ. ಕೊನೆಗೆ ಮುಂಭಾಗಕ್ಕೆ ಹಸಿರು ಚುಕ್ಕಿ, ಹಿಂಭಾಗದ ಗೀರಿಗೆ ಎರಡು ಕೇಸರಿ ಚುಕ್ಕಿ ಎಂದು ರಾಜಿಯಾಗುವ ಹೊತ್ತಿಗೆ ಕಂಟೆವಾಡಿಯ ಪೊಲೀಸ್ ಚೌಕಿ ಬಂದೇಬಿಟ್ಟಿತು. ಮಧ್ಯಾಹ್ನದ ಮೂರೂವರೆ.

ಚೌಕಿಯ ಹವಾಲ್ದಾರ ಪಂಡಿತ, ರೇವಣಸಿದ್ಧ ತುಂಬಿಕೊಟ್ಟ ಅರ್ಜಿಯನ್ನು ತಿರುವಿ ನೋಡಿದ. ಮರುದಿನ ಮೇಲಿನ ಸಾಹೇಬರು ತಪಾಸಣೆಗೆ ಬರುವವರಿದ್ದರು. ಮೂರು ತಿಂಗಳಿಂದ ಚೌಕಿಯಲ್ಲಿ ಒಂದೇ ಒಂದು ಪ್ರಕರಣ ಬಗೆಹರಿದಿರಲಿಲ್ಲ. ಹೀಗಾಗಿ ಅವನ ಮುಖ ಹಳಸಿದ ಸಾರಿನಂತಿತ್ತು.

“ಕೋಣಾಪಾಸೂನ ಧೋಕಾ? ಈ ಖಾನೆ ಖಾಲಿ ಅದ. ಯಾರಿಂದ ಧೋಕಾ ನಿಮಗ?”

ರೇವಣಸಿದ್ಧ ಬೆಕ್ಕನ್ನು ನೆನೆದ. ಆರು ಗುಂಡಿನ ಪಿಸ್ತೂಲಿನ ಅರ್ಜಿಯಲ್ಲಿ ಬೆಕ್ಕು ಎಂದು ಬರೆಸುವುದು ಹೇಗೆ?

“ಕಳ್ಳ ಬಂದಿದ್ದ,” ಎಂದರು ಗುರುಜಿ ಅವನ ಬದಲು.

ಪಂಡಿತ ನೆಟ್ಟಗೆ ಕೂತ. “ಕಳ್ಳ? ಯಾವಾಗ? ನೋಡೀರೇನು?”

“ನೋಡದs ಏನು? ಇಪ್ಪತ್ತು ನಿಮಿಷ ಗುರಿ ಹಿಡದು ನಿಂತಾನ ನಮ್ಮ ರೇವಣಪ್ಪ!”

“ಹಂಗಾದ್ರ ಹೆಂಗಿದ್ದ ಹೇಳ್ರಿ. ಅನೋಳಖಿ ಇಸಮ, ಗುರುತಿಲ್ಲದ ಮನಷ್ಯಾ, ಅಂತ ಬರದ್ರ ಸಾಹೇಬರು ಹರದು ಒಗೀತಾರ. ಗುರುತು ಬೇಕು.”

“ಎತ್ತರದಂವ,” ಎಂದರು ಗುರುಜಿ.

“ಬಡಕಲು,” ಎಂದ ರೇವಣಸಿದ್ಧ. ಸುಳ್ಳು ಹೇಳಿ ರೂಢಿಯಿಲ್ಲದವನು ಹೇಳಹೊರಟರೆ ಹೊಸ ಮನುಷ್ಯನನ್ನು ಎಲ್ಲಿಂದ ತರಬೇಕು? ಆ ದಿನ ಕಂಡ ಮುಖವೇ ನಾಲಿಗೆಗೆ ಬಂತು. “ಹುಬ್ಬಿನ ಮ್ಯಾಲ ಒಂದು ಗಾಯದ ಗೆರಿ ಇತ್ತು. ಓಡೋ ಮುಂದ… ಓಡೋ ಮುಂದ ಬಲಗಾಲು ಎಳೀತಿದ್ದ.”

“ಮಾತು?”

“ವಲಾಂಡಿ ಕಡಿ ಮಾತು.”

“ಶಾಬ್ಬಾಸ್!” ಎಂದ ಪಂಡಿತ. ಪೆನ್ನು ಸರಸರ ಓಡಿತು. ಗೋದಾಮಿನ ಹಿಂದಿನ ಬಾಗಿಲು ಯಾವ ದಿಕ್ಕು, ಅಗಳಿ ಎಲ್ಲಿ, ರೊಕ್ಕದ ಗಲ್ಲೆ ಯಾವ ಮೂಲೆಗೆ, ಎಲ್ಲ ಕೇಳಿ ಬರೆದುಕೊಂಡ. “ಆರು ಗಂಟೆಗೆ ಬರ್ರಿ. ಚೀಟಿ ತಯಾರ ಇರ್ತದ.”

ಹೊರಗೆ ಬಂದಮೇಲೆ ರೇವಣಸಿದ್ಧನ ಎದೆಯಲ್ಲಿ ಏನೋ ಚುಚ್ಚಿತು. “ಗುರುಜಿ, ಆ ರೇಡಿಯಮ್ಮಿನಂವನ ಗುರುತೇ ಹೇಳಿಬಿಟ್ಟೆನಲ್ರಿ.”

“ಅಯ್ಯ, ಕಾಗದದ ಮ್ಯಾಲಿಂದು ಅದು. ನಮ್ಮ ಪೊಲೀಸರು ಎದುರಿಗೆ ಬಂದು ನಿಂತವನ್ನ ಹಿಡಿಯಂಗಿಲ್ಲ. ಇನ್ನು ಹುಡುಕಿ ಹಿಡೀತಾರೇನು? ಹೋಗು, ಊಟ ಮಾಡು.”

ಊಟ ಮಾಡಿದ. ಚುಚ್ಚುವುದು ಊಟದ ಕೆಳಗೆ ಸರಿಯಿತು.

ಆರಕ್ಕೆ ಹೋದಾಗ ಚೀಟಿ ನಿಜಕ್ಕೂ ತಯಾರಿತ್ತು. ಮೇಜಿನ ಮೇಲೆ ನೀಲಿ ಶಿಕ್ಕಾ ಹೊತ್ತು, ಹಸಿ ಹಸಿಯಾಗಿ ಹೊಳೆಯುತ್ತಿತ್ತು. ರೇವಣಸಿದ್ಧ ಅದನ್ನು ಮಡಚಿ ಕಿಸೆಗಿಟ್ಟುಕೊಂಡು, ನಮಸ್ಕಾರ ಹೇಳಲು ತಲೆಯೆತ್ತಿದ. ಮೂಲೆಯಲ್ಲಿ, ನೆಲದ ಮೇಲೆ, ಸೂರ್ಯಕಾಂತ ಕೂತಿದ್ದ. ಒಂದು ಕೆನ್ನೆ ಬೋಂಡಾದಂತೆ ಉಬ್ಬಿತ್ತು. ಬೆರಳುಗಳಿಗೆ ಇನ್ನೂ ಕೆಂಪು ಅಂಟುಹಾಳೆಯ ಚೂರು ಮೆತ್ತಿಕೊಂಡಿದ್ದವು.

“ಒಂದೂವರೆ ತಾಸಿನಾಗ!” ಎಂದ ಪಂಡಿತ, ಮದುವೆಯಲ್ಲಿ ಹೆಣ್ಣಿನ ಅಪ್ಪ ಊಟಕ್ಕೆ ಕರೆಯುವ ಉಮೇದಿನಲ್ಲಿ. “ಎತ್ತರ, ಬಡಕಲು, ಹುಬ್ಬು, ಕಾಲು, ವಲಾಂಡಿ. ಹೆದ್ದಾರಿ ಮ್ಯಾಲ ಕೇಳಿದ್ರ ಎಲ್ಲಾರೂ ಇಂವನ್ನೇ ತೋರಿಸಿದ್ರು, ಎಲ್ಲಾ ಕೂಡಿ ಬಂತು. ಅರ್ಧಾ ತಾಸಿನಾಗ ಒಪ್ಪಿಕೊಂಡಾನ. ಹಿಂದಿನ ಬಾಗಿಲದಿಂದ ಬಂದೆ, ಅಗಳಿ ತಗದೆ, ಗಲ್ಲೆಕ ಕೈ ಹಾಕಿದೆ ಅಂತ. ನೀವು ‘ಇಂವಾನೇ’ ಅಂತ ಒಂದು ಸಹಿ ಮಾಡ್ರಿ. ನಾಳೆ ಸಾಹೇಬರ ಮುಂದ ನಿಮ್ಮ ಹೆಸರು, ನನ್ನ ಹೆಸರು, ಎರಡೂ ಆಗತದ.”

ಸೂರ್ಯಕಾಂತನ ಮುಖ ರೇವಣಸಿದ್ಧನನ್ನು ಕಂಡು ಅರಳಿತು. ಅರಳುವಾಗ ಉಬ್ಬಿದ ಕೆನ್ನೆ ನೋಯಿಸಿರಬೇಕು, ಅರ್ಧಕ್ಕೆ ನಿಂತಿತು. “ಶೇಟಜಿ ಬಂದ್ರು! ಹೇಳ್ರಿ ಸಾಹೇಬ್ರಿಗೆ. ಮುಂಜಾನಿ ನೀವು ನಮ್ಮಂಗಡಿಗೆ ಬಂದಿದ್ರಿ, ಚಹಾ ಕುಡದ್ರಿ. ಎಷ್ಟು ಹೇಳಿದ್ರೂ ನಂಬವಲ್ರು. ನಿಮಗ ತಿಳದು ಬಿಡಿಸಿಕೊಳ್ಳಲಾಕ ಬಂದ್ರಿ ನೋಡ್ರಿ. ದೇವರಂಗ ಬಂದ್ರಿ.”

ರೇವಣಸಿದ್ಧ ಪಕ್ಕಕ್ಕೆ ನೋಡಿದ. ಗುರುಜಿ ಇರಲಿಲ್ಲ. ಅವರ ಚಪ್ಪಲಿಯ ಸಪ್ಪಳ ಆಗಲೇ ಬೀದಿಯ ತಿರುವು ದಾಟಿತ್ತು.

ಕಿಸೆಯಲ್ಲಿ ಚೀಟಿ. ಮುಂದೆ ಸಹಿಯ ಕಾಗದ. ಒಂದು ಸಹಿಗೆ ಪಿಸ್ತೂಲಿನ ತುದಿಗೆ ಹಸಿರು ಚುಕ್ಕಿ ಬರುತ್ತದೆ, ಹವಾಲ್ದಾರನಿಗೆ ಭಡ್ತಿ ಬರುತ್ತದೆ. ರೇವಣಸಿದ್ಧ ಪೆನ್ನು ಹಿಡಿದ. ಹಿಡಿದೇ ಇದ್ದ. ಸತ್ಯ ಹೇಳುವ ಮನುಷ್ಯನೆಂದು ಅವನನ್ನು ಯಾರೂ ಕರೆದಿರಲಿಲ್ಲ. ತೂಕದಲ್ಲಿ, ಮಾತಿನಲ್ಲಿ ಎಲ್ಲರಷ್ಟೇ ಹೆಚ್ಚು ಕಡಿಮೆ ಮಾಡಿ ಬದುಕಿದವನು. ಆದರೆ ಆ ಅರ್ಧ ಅರಳಿದ ಮುಖ ನೋಡಿ ಪೆನ್ನು ಮೇಜಿನ ಮೇಲಿಟ್ಟ.

“ಹವಾಲ್ದಾರಸಾಬ್, ಇಂವಾ ಅಲ್ಲರಿ.”

“ಮತ್ತ ಯಾರು?”

“ಯಾರೂ ಅಲ್ಲರಿ. ಬೆಕ್ಕು.”

“ಏನು?”

“ಮಾಂಜರ, ಸಾಬ್. ಮಾಂಜರ ಬಂದಿತ್ತು.” ಕನ್ನಡದಲ್ಲಿ ಅರ್ಥವಾಗದಿದ್ದರೆ ಮರಾಠಿಯಲ್ಲಾದರೂ ಆಗಲಿ ಎಂದು ಮತ್ತೊಮ್ಮೆ ಹೇಳಿದ.

ಪಂಡಿತನ ಮುಖ ನಿಧಾನಕ್ಕೆ ಕೆಂಪಗಾಯಿತು. ಮೂರು ತಿಂಗಳಲ್ಲಿ ಕೈಗೆ ಬಂದ ಒಬ್ಬನೇ ಒಬ್ಬ ಕಳ್ಳನನ್ನು ಒಂದು ಬೆಕ್ಕು ತಿಂದುಹಾಕಿತ್ತು. ಅವನು ಕೂಗಾಡಲಿಲ್ಲ, ಅದೇ ಭಯ. ಹೊಸ ಕಾಗದ ತೆಗೆದ. ಪೊಲೀಸರಿಗೆ ಸುಳ್ಳು ಫಿರ್ಯಾದು ಕೊಟ್ಟದ್ದು ಒಂದು, ಹತ್ಯಾರಕ್ಕಾಗಿ ಖೋಟಾ ಕಾರಣ ಕೊಟ್ಟದ್ದು ಎರಡು, ಬೆಕ್ಕಿಗೆ ಪಿಸ್ತೂಲು ಹಿಡಿದದ್ದು ಮೂರು, ಎಂದು ದೊಡ್ಡ ದನಿಯಲ್ಲಿ ಓದುತ್ತ ಬರೆದ. ಕಿಸೆಯ ಚೀಟಿ ಕಸಿದು ಹರಿದ. ಹೆಗಲ ಚೀಲದಿಂದ ರಿವಾಲ್ವರ್ ತೆಗೆಸಿ, ಅದಕ್ಕೆ ಬಿಳಿ ಬಟ್ಟೆ ಸುತ್ತಿ, ಅರಗಿನ ಮುದ್ರೆ ಒತ್ತಿ, ಕಪಾಟಿಗೆ ಹಾಕಿ ಕೀಲಿ ತಿರುಗಿಸಿದ. “ಲೈಸೆನ್ಸ್ ರದ್ದಾಗೋ ನೋಟೀಸ್ ಮನಿಗೆ ಬರ್ತದ. ಏಯ್, ನೀ ಏಳು. ಹೋಗು.”

ಕೊನೆಯ ಮಾತು ಸೂರ್ಯಕಾಂತನಿಗೆ. ಕ್ಷಮೆಯೆನ್ನುವುದು ಆ ಚೌಕಿಯ ಯಾವ ರಜಿಸ್ಟರಿನಲ್ಲೂ ಇರಲಿಲ್ಲ.

ಹೊರಗೆ ಹೊತ್ತು ಮುಳುಗುವ ಬಿಸಿಲು. ರೇವಣಸಿದ್ಧನಿಗೆ ವಿಚಿತ್ರ ಹಗುರ. ಪಿಸ್ತೂಲು ಹೋಯಿತು ನಿಜ. ಆದರೆ ಇಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ ಅದರಿಂದ ಯಾರೋ ಒಬ್ಬರಿಗೆ ಒಳ್ಳೆಯದಾಯಿತು. ಅವನು ವ್ಯಾನಿನ ಬಾಗಿಲು ತೆರೆದ.

“ಬಾರಪಾ ಸೂರ್ಯಕಾಂತ. ತುರೋರಿತನಕ ಬಿಡ್ತೀನಿ.”

ಸೂರ್ಯಕಾಂತ ಹತ್ತಲಿಲ್ಲ. ಅರ್ಧ ಅರಳಿದ್ದ ಮುಖ ಈಗ ಮುಚ್ಚಿತ್ತು. ಒಳಗೆ ಓದಿದ್ದನ್ನೆಲ್ಲ ಅವನೂ ಕೇಳಿದ್ದ.

“ಹಂಗಾದ್ರ ನನ್ನ ಗುರುತು ಹೇಳದಂವ ನೀನೇ.”

ಅವನು ‘ಶೇಟಜಿ’ ಬಿಟ್ಟಿದ್ದು ರೇವಣಸಿದ್ಧನ ಕಿವಿಗೆ ಬಿತ್ತು. “ತಪ್ಪಾಯ್ತಪಾ. ಬಾಯಿ ತಪ್ಪಿ ಬಂತು. ಅದಕ್ಕೇ ಖರೆ ಹೇಳಿ ಬಿಡಿಸಿದೆನಲ್ಲ.”

“ಬಿಡಿಸಿದಿ. ಹೆದ್ದಾರಿ ಮ್ಯಾಲ ಎಲ್ಲಾರ ಎದುರಿಗೆ ಹೊಡಕೋತ ತಂದ್ರು. ಲಾರಿ ಡ್ರೈವರಗೋಳು ಮೊಬೈಲಿನಾಗ ತಗೊಂಡಾರ. ತಗಡಿನ ಅಂಗಡಿ ಮಾಲಕ ಅಲ್ಲೇ ಹೇಳ್ಯಾನ, ಕಳ್ಳಗ ಬಾಡಿಗಿ ಕೊಡಂಗಿಲ್ಲಂತ. ಈಗ ನಾ ಹೋಗಿ ಏನು ಹೇಳಲಿ? ಬೆಕ್ಕು ಅಂತ ಹೇಳಲೇನು?”

“ನಾ ಬಂದು ಹೇಳ್ತೀನಿ, ಎಲ್ಲಾರಿಗೂ ಹೇಳ್ತೀನಿ…”

“ಇವತ್ತು ಬಾಳ ಹೇಳಿದಿ.” ಸೂರ್ಯಕಾಂತ ಕೆನ್ನೆ ಮುಟ್ಟಿಕೊಂಡ. ಮಾತು ನಿಧಾನವಾಗಿತ್ತು, ಅಳತೆಪಟ್ಟಿ ಹಿಡಿದು ಕತ್ತರಿಸಿದಂತಿತ್ತು. “ನಿನ್ನ ಗೋದಾಮು ಎಲ್ಲ್ಯದ ಅಂತ ಮುಂಜಾನಿ ನನಗ ಗೊತ್ತಿರಲಿಲ್ಲ. ಆ ಹವಾಲ್ದಾರ ಹೊಡದು ಹೊಡದು ಹೇಳಿಸ್ಯಾನ. ಹಿಂದಿನ ಬಾಗಿಲು ಮೂಡಣ ದಿಕ್ಕು. ಅಗಳಿ ಎಡಕ್ಕ. ಗಲ್ಲೆ ತೊಗರಿ ಚೀಲದ ಹಿಂದ. ಹತ್ತು ಸಲ ಹೇಳಿಸ್ಯಾನ. ಈಗ ಬಾಯಿಪಾಠ ಆಗ್ಯದ.” ಚೌಕಿಯ ಬಾಗಿಲೊಳಗಿನ ಕಪಾಟಿನ ಕಡೆ ಒಮ್ಮೆ ನೋಡಿದ. “ನಿನ್ನ ಪಿಸ್ತೂಲೂ ಒಳಗ ಬಿತ್ತು. ಛಲೋ ಆಯ್ತು.”

ಅಷ್ಟು ಹೇಳಿ ಅವನು ಕಾಲೆಳೆಯುತ್ತ ಬಸ್ ಸ್ಟಾಪಿನ ಕಡೆ ನಡೆದ.

ರೇವಣಸಿದ್ಧ ಒಂದು ಗಳಿಗೆ ನಿಂತ. ಆಮೇಲೆ ಚಪ್ಪಲಿ ಬಿಟ್ಟೇ ಚೌಕಿಯೊಳಗೆ ಓಡಿದ.

“ಹವಾಲ್ದಾರಸಾಬ್! ಬರಕೋರಿ. ಈಗ ಖರೆ ಧೋಕಾ ಅದ ನನಗ. ಹೆಸರು ಗೊತ್ತದ, ಊರು ಗೊತ್ತದ, ಗುರುತು ನಿಮಗೇ ಗೊತ್ತದ. ಆ ಖಾನೆಯಾಗ ಬರಕೋರಿ. ಪಿಸ್ತೂಲು ಕೊಡ್ರಿ!”

ಪಂಡಿತ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟು, ತಲೆ ಒರೆಸಿಕೊಂಡ. “ಶೇಟಜಿ, ಧೋಕಾದ ಖಾನೆ ಇರೋದು ಹತ್ಯಾರ ಇದ್ದವರ ಅರ್ಜಿಯಾಗ. ನಿಮ್ಮ ಕಡಿ ಈಗ ಹತ್ಯಾರ ಎಲ್ಲ್ಯದ?”

“ನೀವೇ ಇಟ್ಟುಕೊಂಡೀರಲ್ರಿ!”

“ಅದಕ್ಕೇ ಹೇಳ್ದೆ. ಮನಿಗೆ ಹೋಗ್ರಿ.”

ರೇವಣಸಿದ್ಧ ಹೊರಗೆ ಬಂದ. ತುರೋರಿಯ ಬಸ್ಸು ಸ್ಟಾಪಿನಲ್ಲಿ ನಿಂತಿತ್ತು. ಜನ ಇಳಿದರು, ಜನ ಹತ್ತಿದರು, ಕಂಡಕ್ಟರ್ ಸೀಟಿ ಊದಿದ. ಬಸ್ಸು ಎಬ್ಬಿಸಿದ ಧೂಳು ಆರಿದ ಮೇಲೆ ನೋಡಿದರೆ ಸೂರ್ಯಕಾಂತ ಕಟ್ಟೆಯ ಮೇಲೆ ಹಾಗೇ ಕೂತಿದ್ದ. ಬಲಗಾಲನ್ನು ಉದ್ದಕ್ಕೆ ಚಾಚಿಕೊಂಡು, ಒಂದೇ ಅಚ್ಚಿನ ಆ ಮುನ್ನೂರು ಮನೆಗಳ ಕಡೆ ಒಂದೊಂದಾಗಿ ನೋಡುತ್ತಿದ್ದ.